ಕರಾವಳಿಯ ತೆಂಗಿನಕಾಯಿಗೂ ಧಾರಣೆ ಪಟ್ಟಿಯಲ್ಲಿ ಒಂದು ಸಾಲು ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಕೃಷಿ ಪುಟದಲ್ಲಿ ಶ್ರೀಲಂಕಾದ ತೆಂಗು ಉದ್ದಿಮೆಯನ್ನು ಹೊಗಳಿ, ಉತ್ತರ ಕನ್ನಡದ ಕರಾವಳಿಯೂ ಅದೇ ದಾರಿ ಹಿಡಿಯಬೇಕೆಂದು ಸೂಚಿಸಿದ ಬರಹವೊಂದು ಪ್ರಕಟವಾಗಿತ್ತು. ಅದರಲ್ಲಿ ಹೇಳಿದ್ದು ಬಹುಮಟ್ಟಿಗೆ ನಿಜ. ಹೇಳದೆ ಉಳಿದದ್ದೂ ಸಾಕಷ್ಟಿದೆ. ಕುಮಟಾ ತಾಲೂಕಿನ ಅಘನಾಶಿನಿ ದಂಡೆಯಲ್ಲಿ 70 ತೆಂಗಿನ ಮರಗಳ ಸಣ್ಣ ತೋಟವೊಂದನ್ನು ನೋಡಿಕೊಂಡಿರುವ, ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತನಾದ ನನಗೆ, 2017ರಲ್ಲಿ ಅಳಿಯನ ನೌಕರಿಯ ದೆಸೆಯಿಂದ ಕೊಲಂಬೋದಲ್ಲಿ ಒಂದು ತಿಂಗಳು ಇದ್ದು ಬರುವ ಅವಕಾಶ ಒದಗಿತ್ತು. ಊರು ನೋಡುವುದಕ್ಕಿಂತ ಕಾಯಿ ನೋಡುವುದೇ ನನಗೆ ಹೆಚ್ಚಾಯಿತೆಂದು ಮಗಳು ಇಂದಿಗೂ ಆಡಿಕೊಳ್ಳುತ್ತಾಳೆ. ಆಗ ಕಂಡದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ, ಕೊನೆಯಲ್ಲಿ ತಮ್ಮ ಪತ್ರಿಕೆಗೇ ಒಂದು ವಿನಂತಿಯನ್ನು ಮಾಡುವ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕುರುನೇಗಲ, ಪುತ್ತಲಂ, ಗಂಪಹ ಎಂಬ ಮೂರು ಜಿಲ್ಲೆಗಳ ಪ್ರದೇಶವನ್ನು ಅಲ್ಲಿಯವರು ತೆಂಗಿನ ತ್ರಿಕೋನ ಎನ್ನುತ್ತಾರೆ. ಅಲ್ಲಿನ ಲುನುವಿಲದಲ್ಲಿರುವ ತೆಂಗು ಸಂಶೋಧನಾ ಸಂಸ್ಥೆ 1929ರಷ್ಟು ಹಿಂದೆಯೇ ಹುಟ್ಟಿದ್ದು. ಕುರುನೇಗಲದ ಸಮೀಪ ಒಣತುರಿ ತಯಾರಿಸುವ ಗಿರಣಿಯೊಂದನ್ನು ಅರ್ಧ ದಿನ ನಿಂತು ನೋಡಿದೆ. ನಾವು ಬೇಕರಿಯ ಬಿಸ್ಕತ್ತು, ಬರ್ಫಿಗಳ ಮೇಲೆ ಉದುರಿಸಿದ್ದನ್ನು ಕಾಣುವ ಬೆಳ್ಳನೆಯ ತುರಿ ಅದು. ಸುಲಿದ ಕಾಯಿಯನ್ನು ಅಂಗೈಯಲ್ಲಿ ಹಿಡಿದು ಕೈಗೊಡಲಿಯ ನಾಲ್ಕಾರು ಪೆಟ್ಟಿನಿಂದ ಗೆರಟೆಯನ್ನು ಮಾತ್ರ ಎಬ್ಬಿಸಿ, ಒಳಗಿನ ತಿರುಳು ಬಿರಿಯದಂತೆ ಉಂಡೆಯಾಗಿ ಹೊರತೆಗೆಯುವ ಗಂಡಸರು ಒಂದು ಕಡೆ. ಆ ಉಂಡೆಯ ಮೇಲಿನ ಕಂದು ಪದರವನ್ನು ಸೌತೆಕಾಯಿ ಹೆರೆದಷ್ಟು ಸಲೀಸಾಗಿ ಹೆರೆಯುವ ಹೆಂಗಸರು ಇನ್ನೊಂದು ಕಡೆ. ಆಮೇಲೆ ಉಂಡೆಯನ್ನು ಒಡೆದು, ತೊಳೆದು, ಬಿಸಿನೀರಿನಲ್ಲಿ ಹಾಯಿಸಿ, ತುರಿದು, ತೇವಾಂಶ ಶೇ 3ರಷ್ಟಕ್ಕೆ ಇಳಿಯುವವರೆಗೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಹೆರೆದ ಕಂದು ಪದರ ಎಣ್ಣೆ ಗಾಣಕ್ಕೆ ಹೋಗುತ್ತದೆ, ಗೆರಟೆ ಇದ್ದಿಲಾಗುತ್ತದೆ, ಕಾಯೊಳಗಿನ ನೀರಿಗೂ ಗಿರಾಕಿ ಇದ್ದಾನೆ, ತೋಟದಲ್ಲಿಯೇ ಸುಲಿದುಳಿದ ಸಿಪ್ಪೆ ನಾರಿನ ಗಿರಣಿ ಸೇರುತ್ತದೆ. ಒಂದು ಕಾಯಿಗೆ ಐದು ಪೇಟೆ ಎಂಬ ನಿಮ್ಮ ಲೇಖಕರ ಮಾತು ಅತಿಶಯೋಕ್ತಿಯಲ್ಲ.

ಬಿಸಿನೀರಿನಲ್ಲಿ ಹಾಯಿಸುವ ಆ ಒಂದು ಹೆಜ್ಜೆಯ ಹಿಂದೆ ಒಂದು ಕಥೆಯಿದೆ. 1950ರ ದಶಕದ ಕೊನೆಯ ಹೊತ್ತಿಗೆ, ಆಗಿನ್ನೂ ಸಿಲೋನ್ ಎಂದು ಕರೆಸಿಕೊಳ್ಳುತ್ತಿದ್ದ ಆ ದೇಶದಿಂದ ಬ್ರಿಟನ್ನಿಗೆ ಹೋದ ಒಣತುರಿಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಸಿಕ್ಕಿತು. ತಿಂದವರಿಗೆ ಹೊಟ್ಟೆ ಕೆಟ್ಟಿತು, ಅಲ್ಲಿನ ವೈದ್ಯ ಪತ್ರಿಕೆಗಳಲ್ಲಿ ವರದಿಗಳು ಬಂದವು, ಇಡೀ ಪೇಟೆಯೇ ಕೈತಪ್ಪುವ ಸ್ಥಿತಿ ಬಂತು. ಗಿರಣಿಗಳ ನೆಲ, ನೀರು, ಕೆಲಸಗಾರರ ಕೈ, ಒಣಗಿಸುವ ತಟ್ಟೆ ಎಲ್ಲದಕ್ಕೂ ನಿಯಮ ಬಂದದ್ದು, ತುರಿಯುವ ಮೊದಲು ತಿರುಳನ್ನು ಕುದಿನೀರಿನಲ್ಲಿ ಹಾಯಿಸುವುದು ಪದ್ಧತಿಯಾದದ್ದು ಆ ಪೆಟ್ಟು ತಿಂದ ಮೇಲೆ. ನಮ್ಮಲ್ಲಿ ಸಂಸ್ಕರಣಾ ಘಟಕವೆಂದ ಕೂಡಲೇ ಯಂತ್ರದ ಬೆಲೆ ಮತ್ತು ಸಬ್ಸಿಡಿಯ ಪ್ರಮಾಣ ಮೊದಲು ಚರ್ಚೆಗೆ ಬರುತ್ತವೆ; ನೀರಿನ ಪರೀಕ್ಷೆ ಮಾಡುವವರು ಯಾರು ಎಂಬ ಪ್ರಶ್ನೆಯನ್ನು ನಾನು ಹಾಜರಿದ್ದ ಮೂರು ಸಭೆಗಳಲ್ಲಿ ಒಬ್ಬರೂ ಕೇಳಲಿಲ್ಲ.

ಗಿರಣಿಗಿಂತಲೂ ನನ್ನ ಮನಸ್ಸಿನಲ್ಲಿ ನಿಂತದ್ದು ಕೊಲಂಬೋದ ಕಾಯಿ ಹರಾಜು. ಅಲ್ಲಿನ ತೆಂಗು ಅಭಿವೃದ್ಧಿ ಪ್ರಾಧಿಕಾರ ವಾರಕ್ಕೊಮ್ಮೆ ಈ ಹರಾಜನ್ನು ನಡೆಸುತ್ತದೆ. ಸಾವಿರ ಕಾಯಿಗೆ ಇಷ್ಟು ರೂಪಾಯಿ ಎಂಬ ಸರಾಸರಿ ದರ ಪತ್ರಿಕೆಗಳಲ್ಲಿ ಬರುತ್ತದೆ. ಹರಾಜಿಗೆ ಬರುವುದು ಹೆಚ್ಚಾಗಿ ದೊಡ್ಡ ತೋಟಗಳ ಕಾಯಿ. ಎರಡು ಮೂರು ಎಕರೆಯವರು ನಮ್ಮಂತೆಯೇ ಊರಿಗೆ ಬರುವ ವ್ಯಾಪಾರಿಗೆ ಮಾರುತ್ತಾರೆ. ಆದರೆ ಆ ವ್ಯಾಪಾರಿ ಗೇಟಿನೊಳಗೆ ಕಾಲಿಡುವಾಗ ಮನೆಯ ಯಜಮಾನನಿಗೆ ಆ ವಾರದ ದರ ಗೊತ್ತಿರುತ್ತದೆ. ಸಾಗಣೆಗೆ ಇಷ್ಟು, ಸುಲಿದ ಕೂಲಿಗೆ ಇಷ್ಟು ಎಂದು ಕಳೆದು, ಉಳಿದದ್ದರ ಮೇಲೆ ಚೌಕಾಸಿ ನಡೆಯುತ್ತದೆ. ಚೌಕಾಸಿಯಲ್ಲಿ ಸೋಲಬಹುದು, ಎಷ್ಟಕ್ಕೆ ಸೋತೆನೆಂಬುದಾದರೂ ಅವನಿಗೆ ತಿಳಿದಿರುತ್ತದೆ.

ನಮ್ಮ ಕಡೆಯ ರೀತಿಯನ್ನು ಕರಾವಳಿಯ ಓದುಗರಿಗೆ ವಿವರಿಸುವ ಅಗತ್ಯವಿಲ್ಲವಾದರೂ ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಮರ ಹತ್ತುವವರು ಸಿಕ್ಕ ದಿನ ಕೊಯ್ಲು. ಅಂಗಳದಲ್ಲಿ ರಾಶಿ ಬಿದ್ದ ಕಾಯಿಯನ್ನು ವ್ಯಾಪಾರಿ ಬಂದು ಎಣಿಸುತ್ತಾನೆ, ತೂಗುವುದು ಅಪರೂಪ. ಸಣ್ಣ ಕಾಯಿ ಎರಡಕ್ಕೆ ಒಂದೆಂಬ ಲೆಕ್ಕ, ನುಸಿ ಹಿಡಿದದ್ದು ಲೆಕ್ಕಕ್ಕೇ ಇಲ್ಲವೆಂಬ ಮಾತು, ನೂರು ತುಂಬಿದಾಗ ಮೇಲೊಂದಿಷ್ಟು ಬಿಟ್ಟಿ ಕಾಯಿ. ಯಾವುದು ಸಣ್ಣದು ಎಂಬುದನ್ನು ತೀರ್ಮಾನಿಸುವುದು ಅವನ ಅಂಗೈ. ದರವನ್ನು ಹೇಳುವವನೂ ಅವನೇ. 2025ರಲ್ಲಿ ಕಾಯಿಯ ಬೆಲೆ ಹಿಂದೆಂದೂ ಕಾಣದಷ್ಟು ಮೇಲೇರಿದ್ದು ಎಲ್ಲರಿಗೂ ಗೊತ್ತು. ಚೌತಿಯ ಮುಂಚೆ ಪೇಟೆಯಲ್ಲಿ ಕಾಯಿ ಕೇಳಿದವರು ಎರಡು ಸಲ ಯೋಚಿಸುವಂತಾಗಿತ್ತು. ಅದೇ ಹೊತ್ತಿನಲ್ಲಿ ನಾನು 600 ಕಾಯಿಯನ್ನು ಹಳೆಯ ಪರಿಚಯದ ವ್ಯಾಪಾರಿಯೊಬ್ಬರಿಗೆ ಕೊಟ್ಟೆ. ನಾಲ್ಕು ದಿನದ ಬಳಿಕ ಹೊಳೆಯಾಚೆಯ ಬೀಗರ ಮನೆಗೆ ಊಟಕ್ಕೆ ಹೋದಾಗ, ಅವರು ಅದೇ ವಾರ ಅದೇ ಗಾತ್ರದ ಕಾಯಿಗೆ ನನಗಿಂತ ಒಂದೂವರೆ ಪಾಲು ಹೆಚ್ಚು ಹಣ ಎಣಿಸಿಕೊಂಡದ್ದು ತಿಳಿಯಿತು. ವ್ಯಾಪಾರಿ ನನಗೆ ಮೋಸ ಮಾಡಿದರೆಂದು ನಾನು ದೂರುವುದಿಲ್ಲ, ಅವರು ಕೇಳಿದ್ದನ್ನು ನಾನು ಒಪ್ಪಿದೆ. ನಲವತ್ತು ವರ್ಷ ಲೆಕ್ಕ ಬರೆದವನು ತನ್ನ ಕಾಯಿಯ ಅಂದಿನ ಬೆಲೆ ತಿಳಿಯದೆ ಒಪ್ಪಿದೆನಲ್ಲ ಎಂಬ ನಾಚಿಕೆ ಮಾತ್ರ ಇನ್ನೂ ಹೋಗಿಲ್ಲ.

ಇದನ್ನು ಅಡಿಕೆಯೊಡನೆ ಹೋಲಿಸಿ ನೋಡಬೇಕು. ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದು 1923ರಲ್ಲಿ. ಬೆಳೆದವನು ತನ್ನ ಮೂಟೆಯನ್ನು ಸಂಘದ ಅಂಗಳದಲ್ಲಿಟ್ಟು, ಟೆಂಡರಿನಲ್ಲಿ ಬಂದ ದರಕ್ಕೆ ಮನಸ್ಸಿದ್ದರೆ ಕೊಡುವ, ಇಲ್ಲದಿದ್ದರೆ ಇಟ್ಟುಕೊಳ್ಳುವ ಅಭ್ಯಾಸಕ್ಕೆ ಹೆಚ್ಚು ಕಡಿಮೆ ನೂರು ವರ್ಷವಾಯಿತು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಒಂದೊಂದಕ್ಕೂ ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾಗಳ ಕನಿಷ್ಠ, ಗರಿಷ್ಠ ದರವನ್ನು ನಿಮ್ಮ ಪತ್ರಿಕೆ ದಿನವೂ ಅಚ್ಚು ಹಾಕುತ್ತದೆ. ಸಿದ್ದಾಪುರದ ಮೂಲೆಯಲ್ಲಿ ಕೂತವನಿಗೂ ಬೆಳಗಿನ ಚಹಾದ ಹೊತ್ತಿಗೆ ತನ್ನ ಅಟ್ಟದ ಮೇಲಿರುವ ಚೀಲದ ಬೆಲೆ ತಿಳಿಯುತ್ತದೆ. ಅದರ ಕೆಳಗೇ ತಿಪಟೂರಿನ ಕೊಬ್ಬರಿಯ ದರವನ್ನೂ ಕೊಡುತ್ತೀರಿ. ಭಟ್ಕಳದಿಂದ ಕಾರವಾರದವರೆಗಿನ ಹಸಿ ಕಾಯಿಯ ದರ ಮಾತ್ರ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ತಿಪಟೂರಿನ ದರವೇ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬಯಲುಸೀಮೆಯಲ್ಲಿ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಗೆರಟೆ ಬಿಟ್ಟು ಗುಂಡಗೆ ಉಂಡೆಗೊಬ್ಬರಿಯಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದ ನಮ್ಮ ಕರಾವಳಿಯಲ್ಲಿ ಆ ಕೆಲಸ ಆಗುವುದಿಲ್ಲ. ಮನೆಯ ಎಣ್ಣೆಗೆ ಬೇಕಾದಷ್ಟನ್ನು ಬೇಸಿಗೆಯಲ್ಲಿ ಒಡೆದು ಒಣಗಿಸಿಕೊಂಡರೆ ಉಳಿದದ್ದೆಲ್ಲ ಹಸಿ ಕಾಯಿಯಾಗಿಯೇ ಗೋವಾಕ್ಕೋ ಮುಂಬೈಗೋ ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿಗೋ ಹೋಗಬೇಕು. ಕೇಂದ್ರ ಸರ್ಕಾರದ ಬೆಂಬಲ ಬೆಲೆಯೂ ಇದೇ ಕಾರಣಕ್ಕೆ ನಮಗೆ ದೂರ. 2025ರ ಹಂಗಾಮಿಗೆ ಗಿರಣಿ ಕೊಬ್ಬರಿಗೆ ಕ್ವಿಂಟಲ್‌ಗೆ ₹11,582, ಉಂಡೆಗೊಬ್ಬರಿಗೆ ₹12,100 ಎಂದು ನಿಗದಿಯಾಗಿತ್ತು. ಬೆಲೆ ಬಿದ್ದ ವರ್ಷ ಖರೀದಿ ಕೇಂದ್ರ ತೆರೆಯಿರೆಂದು ತುಮಕೂರು, ಹಾಸನದ ಬೆಳೆಗಾರರು ಬೀದಿಗಿಳಿಯುತ್ತಾರೆ, ಅವರ ಕೂಗಿಗೆ ಅರ್ಥವಿದೆ. ಕೊಬ್ಬರಿಯನ್ನೇ ಮಾಡದ ನಮಗೆ ಆ ಕೇಂದ್ರ ತೆರೆದರೂ ಒಂದೇ, ಮುಚ್ಚಿದರೂ ಒಂದೇ.

ಸಿಪ್ಪೆ ಮತ್ತು ಗೆರಟೆಯ ವಿಷಯದಲ್ಲಿ ನಿಮ್ಮ ಲೇಖಕರೊಡನೆ ನಾನು ಪೂರ್ತಿ ಒಪ್ಪುತ್ತೇನೆ, ಇಲ್ಲಿ ನಾವು ಕಳೆದುಕೊಂಡದ್ದು ಹೆಚ್ಚು. ನನ್ನ ಬಾಲ್ಯದಲ್ಲಿ ಅಳಿವೆಯ ಉಪ್ಪುನೀರಿನ ಗುಂಡಿಗಳಲ್ಲಿ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ, ಹೆಂಗಸರು ಮರದ ಕೊಡತಿಯಿಂದ ಬಡಿದು ಕತ್ತ ತೆಗೆಯುತ್ತಿದ್ದರು. ಆ ವಾಸನೆ ದೋಣಿಯಲ್ಲಿ ದಾಟುವವರ ಮೂಗಿಗೂ ಬಡಿಯುತ್ತಿತ್ತು. ಕತ್ತದ ಹಗ್ಗವಿಲ್ಲದೆ ದೋಣಿಯೂ ಇರಲಿಲ್ಲ, ದನದ ಕೊಟ್ಟಿಗೆಯೂ ಇರಲಿಲ್ಲ. ನೈಲಾನ್ ಹಗ್ಗ ಬಂತು, ಕೊಡತಿ ಒಲೆ ಸೇರಿತು, ಸಿಪ್ಪೆ ಬಚ್ಚಲ ಒಲೆಯ ಪಾಲಾಯಿತು. ಬಚ್ಚಲಿಗೆ ಗ್ಯಾಸು, ಸೋಲಾರ್ ಬಂದ ಮೇಲೆ ಅದೂ ಇಲ್ಲ. ಈಗ ತೋಟದ ಬದಿಯಲ್ಲಿ ಮಳೆನೀರು ನಿಂತು ಸೊಳ್ಳೆ ಸಾಕುತ್ತಿದೆ. ವಿಪರ್ಯಾಸವೆಂದರೆ, ಅಂದು ಕತ್ತ ತೆಗೆದ ಮೇಲೆ ಬೇಡವೆಂದು ಹೊಳೆಗೆ ಸುರಿಯುತ್ತಿದ್ದ ಹುಡಿಗೇ ಇಂದು ನಾರಿಗಿಂತ ಬೇಡಿಕೆ ಹೆಚ್ಚು. ಸಿಪ್ಪೆಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ನಾರು, ಉಳಿದದ್ದು ಹುಡಿ. ಈ ಹುಡಿಯನ್ನು ಕೊಕೊಪೀಟ್ ಎಂಬ ಹೆಸರಿನ ಇಟ್ಟಿಗೆಯಾಗಿ ಒತ್ತಿ ಯುರೋಪಿನ ಹಸಿರುಮನೆಗಳಿಗೆ ಕಳುಹಿಸುವುದು ಶ್ರೀಲಂಕಾದ ಮತ್ತು ನಮ್ಮ ತಮಿಳುನಾಡಿನ ದೊಡ್ಡ ವ್ಯಾಪಾರ. ಅದಕ್ಕೂ ಷರತ್ತಿದೆ: ಹುಡಿಯಲ್ಲಿರುವ ಉಪ್ಪನ್ನು ಸಿಹಿನೀರಿನಿಂದ ತೊಳೆದು, ಬೆಲೆ ಬಾಳುವ ಮಾಲಿಗೆ ಕ್ಯಾಲ್ಸಿಯಂ ನೈಟ್ರೇಟಿನ ದ್ರಾವಣದಲ್ಲಿ ನೆನೆಸಿ, ಸೋಡಿಯಂ ಹೊರಹಾಕಬೇಕು. ಬೇಸಿಗೆಯಲ್ಲಿ ಬಾವಿಗೇ ಉಪ್ಪುನೀರು ನುಗ್ಗುವ ನಮ್ಮ ದಂಡೆಯಲ್ಲಿ ಇದಕ್ಕೆ ಬೇಕಾಗುವ ಸಿಹಿನೀರು ಎಲ್ಲಿಂದ ಎಂಬುದನ್ನು ಮೊದಲೇ ಯೋಚಿಸಿಕೊಳ್ಳದಿದ್ದರೆ, ಘಟಕದ ಉದ್ಘಾಟನೆಯ ಫೋಟೋ ಮಾತ್ರ ಉಳಿದೀತು.

ಗೆರಟೆಯದ್ದೂ ಹೀಗೆಯೇ. ನೀರಿನ ಫಿಲ್ಟರಿನಿಂದ ಹಿಡಿದು ಚಿನ್ನದ ಗಣಿಯವರೆಗೆ ಬೇಕಾಗುವ ಕ್ರಿಯಾಶೀಲ ಇದ್ದಿಲಿಗೆ ತೆಂಗಿನ ಗೆರಟೆಯಷ್ಟು ಒಳ್ಳೆಯ ಕಚ್ಚಾ ಮಾಲು ಕಡಿಮೆ. ಅದರ ಸೂಕ್ಷ್ಮ ರಂಧ್ರಗಳೂ ಗಟ್ಟಿತನವೂ ಬೇರೆ ಸೌದೆಯ ಇದ್ದಿಲಿಗೆ ಬರುವುದಿಲ್ಲ. ಆದರೆ ಒಂದು ಟನ್ ಸಾದಾ ಇದ್ದಿಲಿಗೆ ಸುಮಾರು 20,000 ಕಾಯಿಯ ಗೆರಟೆ ಬೇಕು, ಅಂಥ ಮೂರು ಟನ್ ಇದ್ದಿಲು ಸುಟ್ಟರೆ ಒಂದು ಟನ್ ಕ್ರಿಯಾಶೀಲ ಇದ್ದಿಲು. ಅಂದರೆ 60,000 ಕಾಯಿ. ಮನೆ ಮನೆಯ ಅಡುಗೆಮನೆಯಲ್ಲಿ ಒಡೆಯುವ ಕಾಯಿಯ ಗೆರಟೆಯನ್ನು ಒಟ್ಟುಮಾಡಿ ಈ ಲೆಕ್ಕ ಮುಟ್ಟುವುದು ಕಷ್ಟ. ಸಾದಾ ಇದ್ದಿಲಿನ ಮಟ್ಟಕ್ಕಾದರೆ ಒಂದೆರಡು ಪಂಚಾಯತಿ ಸೇರಿ ಮಾಡಬಹುದು, ಅಷ್ಟಕ್ಕೆ ನಿಲ್ಲುವುದೇ ಜಾಣತನವೆಂದು ನನ್ನ ಅಭಿಪ್ರಾಯ.

ಈಗ ಆ ಬರಹದಲ್ಲಿ ಬಿಟ್ಟುಹೋದ ಭಾಗ. ಶ್ರೀಲಂಕಾ ವರ್ಷಕ್ಕೆ 280ರಿಂದ 300 ಕೋಟಿ ಕಾಯಿ ಬೆಳೆಯುವ ದೇಶ. ಅದರ ಸುಮಾರು ಮೂರನೇ ಎರಡು ಪಾಲು ಅಲ್ಲಿನವರ ಅಡುಗೆಗೇ ಬೇಕು. ಉಳಿದದ್ದರ ಮೇಲೆ ತುರಿ, ಹಾಲು, ಎಣ್ಣೆ, ಪುಡಿ ಎಂದು ಎಲ್ಲ ಗಿರಣಿಗಳ ಕಣ್ಣು. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿ, ಅದೇ ವರ್ಷದ ಕೊನೆಯೊಳಗೆ ಹಿಂತೆಗೆದುಕೊಂಡಿತು. ಭತ್ತದ ಗದ್ದೆಗೆ ಅದರ ಪೆಟ್ಟು ಮುಂದಿನ ಕೊಯ್ಲಿಗೇ ಕಂಡಿತು. ತೆಂಗಿನ ಮರದ ಲೆಕ್ಕ ಬೇರೆ: ಹೊಂಬಾಳೆ ಮರದೊಳಗೆ ಮೊಳೆತು ಹೊರಬರಲು ಎರಡೂವರೆ ವರ್ಷ ದಾಟುತ್ತದೆ, ಅರಳಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ ಬೇಕು. ಈ ವರ್ಷ ಹಸಿದ ಮರ ಮುಂದಿನ ಮೂರು ವರ್ಷ ಲೆಕ್ಕ ತೀರಿಸಿಕೊಳ್ಳುತ್ತಲೇ ಇರುತ್ತದೆ. ಇದರ ಜೊತೆಗೆ ಬಿಸಿಲು, ಬಿಳಿನೊಣ, ಮಂಗ. ಕೊನೆಗೆ 2025ರಲ್ಲಿ, ಕಾಯಿಯ ನಾಡೇ ತನ್ನ ಗಿರಣಿಗಳಿಗಾಗಿ ತೆಂಗಿನ ತಿರುಳನ್ನು ಹೊರಗಿನಿಂದ ತರಿಸಿಕೊಳ್ಳಲು ಒಪ್ಪಬೇಕಾಯಿತು. ಗಿರಣಿ ಕಟ್ಟಿದರೆ ಕಾಯಿ ತಾನಾಗಿ ಬರುತ್ತದೆಂದು ನಂಬಿದವರು ಇದನ್ನು ಗಮನಿಸಬೇಕು. ಮಂಗನ ವಿಷಯದಲ್ಲಿ ಮಾತ್ರ ಅವರು ನಮಗಿಂತ ಮುಂದಿದ್ದಾರೆ: 2025ರ ಮಾರ್ಚ್ 15ರ ಬೆಳಿಗ್ಗೆ ದೇಶದ ಜನರೆಲ್ಲ ಐದು ನಿಮಿಷ ತಮ್ಮ ತಮ್ಮ ಹಿತ್ತಲಲ್ಲಿ ನಿಂತು ಮಂಗ, ನವಿಲು, ಕೆಂದಳಿಲುಗಳನ್ನು ಎಣಿಸಬೇಕೆಂದು ಸರ್ಕಾರವೇ ಹೇಳಿ ಗಣತಿ ಮಾಡಿಸಿತು. ಫಲಿತಾಂಶದ ಬಗ್ಗೆ ಅಲ್ಲಿಯೇ ನಗೆಯಾಡಿದವರಿದ್ದರು. ನಮ್ಮಲ್ಲಿ ಎಳೆಗಾಯಿ ಕಿತ್ತು ನೀರು ಕುಡಿದು ಎಸೆದು ಹೋಗುವ ಮಂಗಗಳ ಸಂಖ್ಯೆಯನ್ನು ಎಣಿಸಬೇಕೆಂದು ಯಾರಿಗೂ ಅನ್ನಿಸಿಲ್ಲ.

ಇನ್ನು ಹೊರದೇಶದ ಪೇಟೆಯ ಚಂಚಲತೆ. 1980ರ ದಶಕದಲ್ಲಿ ಅಮೆರಿಕದ ಸೋಯಾ ಬೆಳೆಗಾರರ ಸಂಘ ಉಷ್ಣವಲಯದ ಎಣ್ಣೆಗಳ ವಿರುದ್ಧ ಪ್ರಚಾರ ನಡೆಸಿದಾಗ ತೆಂಗಿನೆಣ್ಣೆ ಅಲ್ಲಿ ಖಳನಾಯಕನಾಯಿತು. ಈ ಶತಮಾನದ ಎರಡನೆಯ ದಶಕದಲ್ಲಿ ಹಸಿ ಹಾಲಿನಿಂದ ತೆಗೆದ ವರ್ಜಿನ್ ತೆಂಗಿನೆಣ್ಣೆ ಅದೇ ಅಮೆರಿಕದಲ್ಲಿ ಅಮೃತವಾಯಿತು. 2017ರಲ್ಲಿ ಅಲ್ಲಿನ ಹೃದಯ ಸಂಘ ಅದನ್ನು ಬಳಸಬೇಡಿರೆಂದು ಸಲಹೆ ನೀಡಿದಾಗ ಮತ್ತೆ ಸಂಶಯ. ಎಣ್ಣೆ ಅದೇ, ಮರ ಅದೇ. ಹೊರಗಿನ ರುಚಿಯನ್ನೇ ನೆಚ್ಚಿ ಸಾಲ ಮಾಡಿ ಯಂತ್ರ ಹಾಕುವ ನಮ್ಮ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು.

ತೆಂಗಿನ ಅಭಿವೃದ್ಧಿಗೆಂದು ಬೆಳೆಗಾರರಿಂದಲೇ ಒಂದು ಸಣ್ಣ ವಂತಿಗೆ ಎತ್ತಬಹುದೆಂಬ ಸಲಹೆಯೂ ಆ ಬರಹದಲ್ಲಿತ್ತು. ಫಿಲಿಪ್ಪೀನ್ಸ್ ದೇಶದಲ್ಲಿ ಅದು ನಡೆದಿದೆ. ಮಾರ್ಕೋಸ್ ಆಡಳಿತದಲ್ಲಿ, 1970ರ ದಶಕದಿಂದ 1982ರವರೆಗೆ, ಕೊಬ್ಬರಿ ಮಾರಿದಾಗಲೆಲ್ಲ ರೈತರ ಪಾಲಿನಿಂದ ಹಣ ಮುರಿದುಕೊಂಡು, ಆ ಹಣದಲ್ಲಿ ಬ್ಯಾಂಕನ್ನೂ ದೊಡ್ಡ ಕಂಪನಿಯೊಂದರ ಷೇರುಗಳನ್ನೂ ಕೊಂಡರು. ಒಡೆತನ ಹೋದದ್ದು ಅಧಿಕಾರಕ್ಕೆ ಹತ್ತಿರವಿದ್ದವರ ಕೈಗೆ. ಆ ಷೇರುಗಳು ತೆಂಗು ರೈತರ ಹಿತಕ್ಕಾಗಿ ಸರ್ಕಾರಕ್ಕೆ ಸೇರಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2012ರಲ್ಲಿ, ಹಣವನ್ನು ರೈತರ ನಿಧಿಯಾಗಿ ಮಾಡುವ ಕಾಯಿದೆ ಬಂದದ್ದು 2021ರಲ್ಲಿ. ವಂತಿಗೆ ಕೊಟ್ಟವರಲ್ಲಿ ಅನೇಕರು ಆ ಹೊತ್ತಿಗೆ ಬದುಕಿರಲಿಲ್ಲ. ವಂತಿಗೆಯ ಮಾತು ಸದ್ಯಕ್ಕೆ ಬೇಡ.

ನಾನು ಕೇಳುವುದು ಬಹಳ ಸಣ್ಣದು, ಯಾವ ಇಲಾಖೆಯ ಮಂಜೂರಾತಿಯೂ ಅದಕ್ಕೆ ಬೇಕಿಲ್ಲ. ನಿಮ್ಮ ಪತ್ರಿಕೆಯ ಧಾರಣೆ ಪಟ್ಟಿಯಲ್ಲಿ ವಾರಕ್ಕೊಮ್ಮೆಯಾದರೂ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಈ ಐದು ಊರುಗಳ ತೆಂಗಿನಕಾಯಿ ದರವನ್ನು ಪ್ರಕಟಿಸಬೇಕು. ಕಾಯಿಗೆ ಇಷ್ಟು ಎಂದು ಕೊಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಕಾಯಿಯ ಗಾತ್ರಕ್ಕೆ ಮಿತಿಯಿಲ್ಲ; ಸುಲಿದ ಕಾಯಿಗೆ ಕಿಲೋಗ್ರಾಂ ಲೆಕ್ಕದಲ್ಲಿ, ಬೆಳೆಗಾರನಿಗೆ ಅಂಗಳದಲ್ಲಿ ಸಿಕ್ಕ ದರ ಮತ್ತು ಪೇಟೆಯಲ್ಲಿ ಗಿರಾಕಿ ಕೊಟ್ಟ ದರ ಎರಡನ್ನೂ ಪಕ್ಕ ಪಕ್ಕ ಕೊಡಬೇಕು. ಸೀಯಾಳದ ದರವನ್ನು ಬೇರೆಯಾಗಿಯೇ ತೋರಿಸಬೇಕು. ಬೇಸಿಗೆಯಲ್ಲಿ ಗೋಕರ್ಣದ ಪ್ರವಾಸಿಗರು ಕೊಡುವ ಬೆಲೆ ಕಾಯಿಯ ಲೆಕ್ಕದೊಳಗೆ ಬೆರೆತರೆ ಎರಡೂ ಕೆಡುತ್ತವೆ. ಚೌತಿ, ನೂಲಹುಣ್ಣಿಮೆ, ದೀಪಾವಳಿಗಳ ಹಿಂದಿನ ವಾರದ ದರಗಳನ್ನು ಎರಡು ಮೂರು ವರ್ಷ ಹೀಗೆ ದಾಖಲಿಸಿದರೆ, ಯಾವ ತಿಂಗಳು ಕೊಯ್ಯಿಸಬೇಕು, ಯಾವ ತಿಂಗಳು ಮರದಲ್ಲೇ ಬಿಡಬೇಕು ಎಂಬುದನ್ನು ಬೆಳೆಗಾರ ತಾನೇ ಲೆಕ್ಕಹಾಕಿಕೊಳ್ಳುತ್ತಾನೆ. ಇದ್ದಿಲಿನ ಗೂಡು, ಕೊಕೊಪೀಟ್ ಘಟಕ, ಒಣತುರಿಯ ಗಿರಣಿ ಯಾವುದನ್ನೇ ಹಾಕಲು ಹೊರಟವನಿಗೂ ಬ್ಯಾಂಕಿನ ಮುಂದೆ ಇಡಲು ಈ ಅಂಕಿಗಳು ಬೇಕೇ ಬೇಕು.

ವ್ಯಾಪಾರಿಗಳು ಇದನ್ನು ವಿರೋಧಿಸುತ್ತಾರೆಂದು ನಾನು ಭಾವಿಸುವುದಿಲ್ಲ. ಕುಮಟಾದ ಇಬ್ಬರನ್ನು ಕೇಳಿದೆ. ಒಬ್ಬರು ನಕ್ಕು ಸುಮ್ಮನಾದರು, ಇನ್ನೊಬ್ಬರು ತಮಗೂ ಹುಬ್ಬಳ್ಳಿಯವರು ಹೇಳಿದ್ದೇ ದರವೆಂದೂ, ಅಚ್ಚಿನಲ್ಲಿ ಬಂದರೆ ತಮ್ಮ ಚೌಕಾಸಿಗೂ ಬಲ ಬರುವುದೆಂದೂ ಹೇಳಿದರು. ನಿಮ್ಮ ತಾಲೂಕು ವರದಿಗಾರರಿಗೆ ಇದು ಹೆಚ್ಚುವರಿ ಕೆಲಸವೆಂದು ಬಲ್ಲೆ. ಕಾರವಾರದ ಭಾನುವಾರದ ಸಂತೆಯಲ್ಲಿ ಹತ್ತು ನಿಮಿಷ ನಿಂತರೆ ಅಲ್ಲಿನ ದರ ಸಿಗುತ್ತದೆ. ಕುಮಟಾದ ದರವನ್ನು ಮೊದಲ ಆರು ತಿಂಗಳು ಪ್ರತಿ ವಾರ, ತೂಕದ ಚೀಟಿಯ ಸಹಿತ, ಬರೆದು ಕಳುಹಿಸಲು ನಾನು ಒಪ್ಪಿದ್ದೇನೆ; ಹೊನ್ನಾವರದಲ್ಲಿ ಕೇಳಲು ಬೀಗರೂ ಸಿದ್ಧರಿದ್ದಾರೆ.

ಇಂತು ತಮ್ಮ ವಿಶ್ವಾಸಿ,
ಕುಮಟಾ ತಾಲೂಕಿನ ಒಬ್ಬ ತೆಂಗು ಬೆಳೆಗಾರ